ಪಾರಿವಾಳದ ರಕ್ತ ಮತ್ತು ಹದಿನಾಲ್ಕು ಸುಳ್ಳು ವೇಳೆಗಳು: ಗೈಡ್ ಮೇಡಂಗೆ ಹೇಳಲೇ, ಸುಮ್ಮನಿರಲೇ?

ಗಂಜಿನ ಪಾರಿವಾಳ, ಕಲಬುರಗಿ

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ, ಪ್ರಾಣಿಶಾಸ್ತ್ರ. ಪ್ರಶ್ನೆ ಉದ್ದವಾಗುತ್ತದೆ, ಬೇಸರಪಡಬೇಡಿ. ಚಿಕ್ಕದಾಗಿ ಕೇಳಿದರೆ ನನ್ನ ತಪ್ಪು ಕಾಣಿಸುವುದೇ ಇಲ್ಲ.

ನಮ್ಮ ಗೈಡ್ ಮೇಡಂ ಹಕ್ಕಿಗಳ ರೋಗನಿರೋಧಕ ಶಕ್ತಿಯ ಮೇಲೆ ಕೆಲಸ ಮಾಡುತ್ತಾರೆ. ಸಾಕಿದ ಕೋಳಿಯ ಮೇಲಲ್ಲ, ತಮ್ಮಷ್ಟಕ್ಕೆ ತಾವು ಬದುಕುವ ಹಕ್ಕಿಗಳ ಮೇಲೆ. ಪ್ರಯೋಗಾಲಯವೆಂದರೆ ಎರಡು ಮೈಕ್ರೋಸ್ಕೋಪು, ಒಂದು ಸೆಂಟ್ರಿಫ್ಯೂಜು, ಇಟ್ಟಿಗೆ ಒರಗಿಸಿದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುವ ಒಂದು ಫ್ರಿಜ್ಜು. ಪಿಎಚ್‌ಡಿ ಮಾಡುವ ಅಣ್ಣ ಒಬ್ಬರಿದ್ದಾರೆ. ಉಳಿದ ನಾಲ್ವರು ನಮ್ಮಂಥ ಬಿಎಸ್ಸಿಯವರು. ನಮ್ಮನ್ನು ಏಕೆ ಸೇರಿಸಿಕೊಂಡರು ಎಂಬುದು ಮೊದಲ ತಿಂಗಳಲ್ಲೇ ತಿಳಿಯಿತು. ಮನುಷ್ಯರ ರಕ್ತವಾದರೆ ಯಂತ್ರವೇ ಕಣಗಳನ್ನು ಎಣಿಸುತ್ತದೆ. ಹಕ್ಕಿಗಳ ಕೆಂಪು ಕಣದೊಳಗೂ ಕೋಶಕೇಂದ್ರ ಇರುವುದರಿಂದ ಯಂತ್ರಕ್ಕೆ ಯಾವುದು ಕೆಂಪು, ಯಾವುದು ಬಿಳಿ ಎಂದು ಗೊತ್ತಾಗದೆ ತಲೆ ಕೆಡುತ್ತದೆ. ಹಾಗಾಗಿ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಎಣ್ಣೆ ಮಸೂರದ ಕೆಳಗೆ ಒಂದೊಂದು ಸ್ಲೈಡಿನಲ್ಲಿ ನೂರು ಬಿಳಿ ಕಣಗಳನ್ನು ಕಣ್ಣಿನಿಂದಲೇ ಎಣಿಸಬೇಕು. ಆ ಕಣ್ಣುಗಳು ನಮ್ಮವು.

ಮೊದಲ ಮೂರು ವಾರ ಬರೀ ಸ್ಲೈಡ್ ತೊಳೆದೆ. ಆಮೇಲೆ ಲೀಶ್ಮನ್ ಬಣ್ಣ ಹಾಕುವುದು ಕಲಿತೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಕಣಗಳೆಲ್ಲ ನೀಲಿ ತಿರುಗುತ್ತವೆ, 6.8 ಪಿಎಚ್‌ನ ಬಫರ್ ನೀರೇ ಬೇಕು ಎಂದು ತಿಳಿಯುವಷ್ಟರಲ್ಲಿ ಒಂದು ಡಬ್ಬಿ ಸ್ಲೈಡ್ ಹಾಳಾಗಿತ್ತು. ಆಮೇಲೆ ಎಣಿಕೆ. ಮೊದಲ ಇಪ್ಪತ್ತು ಸ್ಲೈಡುಗಳಲ್ಲಿ ನಾನು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬೋಸೈಟುಗಳನ್ನು ಸಣ್ಣ ಲಿಂಫೋಸೈಟುಗಳೆಂದು, ಅಂದರೆ ಒಂದು ಬಗೆಯ ಬಿಳಿ ಕಣಗಳೆಂದು, ಎಣಿಸಿದ್ದೆ. ಹಕ್ಕಿಗಳಲ್ಲಿ ಅವಕ್ಕೂ ಕೋಶಕೇಂದ್ರವಿರುತ್ತದೆ ಎಂದು ಓದಿದ್ದೆ. ಆದರೆ ಓದಿದ್ದು ಕಣ್ಣಿಗೆ ಇಳಿದಿರಲಿಲ್ಲ. ಅಣ್ಣ ಹಿಡಿದರು, ಇಪ್ಪತ್ತನ್ನೂ ಮತ್ತೆ ಎಣಿಸಿದೆ. ಅದು ತಪ್ಪು. ಈಗ ಹೇಳಲಿರುವುದು ತಪ್ಪಲ್ಲ, ಬೇರೆ ಏನೋ.

ನಮ್ಮ ಕೆಲಸ ಇದು. ಬೇಳೆ ಮಿಲ್ಲಿನಲ್ಲಿ ತೊಗರಿ ತಿಂದು ದುಂಡಗಾದ ಪಾರಿವಾಳಗಳಿಗೂ ಹಳ್ಳಿಯ ಹಳೇ ಬಾವಿಯಲ್ಲಿ ಗೂಡು ಕಟ್ಟುವ ಪಾರಿವಾಳಗಳಿಗೂ ರಕ್ತದಲ್ಲಿ ವ್ಯತ್ಯಾಸ ಇದೆಯೇ ಎಂದು ನೋಡುವುದು. ಹೆಟೆರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಎಷ್ಟು, ಲಿಂಫೋಸೈಟ್ ಎಷ್ಟು, ಒಂದಕ್ಕೊಂದರ ಅನುಪಾತ ಎಷ್ಟು. ಹಕ್ಕಿ ಒತ್ತಡದಲ್ಲಿದ್ದರೆ ಈ ಅನುಪಾತ ಏರುತ್ತದೆ. ಮಿಲ್ಲು ನಾನು ಕೊಡಿಸಿದ್ದು, ಅಪ್ಪ ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆಯಲ್ಲಿ, ಮುನೀಮರು. ಅಲ್ಲಿ ಹಿಡಿಯುವುದು ಸುಲಭ: ಬುಟ್ಟಿಗೆ ಕೋಲು ಕೊಟ್ಟು, ಕೆಳಗೆ ನುಚ್ಚು ಚೆಲ್ಲಿ, ದೂರದಿಂದ ಹಗ್ಗ ಎಳೆಯುವುದು. ಒಂದೊಂದೇ ಹಕ್ಕಿ ಸಿಗುತ್ತದೆ, ಸಿಕ್ಕ ಕೂಡಲೇ ರೆಕ್ಕೆಯ ಕೆಳಗಿನ ರಕ್ತನಾಳದಿಂದ ಎರಡು ಕ್ಯಾಪಿಲರಿ (ಸಣ್ಣ ಗಾಜಿನ ನಳಿಗೆ) ತುಂಬಿಸಿ ಬಿಟ್ಟುಬಿಡುತ್ತೇವೆ. ಹಮಾಲಿ ಕಾಕಾ ಒಬ್ಬರು, ಉಳಿದ ರಕ್ತ ಕೊಡಮ್ಮ, ಮನೆಯಲ್ಲಿ ಲಕ್ವಾ ಹೊಡೆದವರಿದ್ದಾರೆ, ಸವರುತ್ತೇವೆ ಎಂದು ಕೇಳಿದರು. ಇಲ್ಲವೆನ್ನಲು ನನಗೆ ತುಂಬಾ ಹೊತ್ತು ಹಿಡಿಯಿತು.

ಬಾವಿ ಹಾಗಲ್ಲ. ಆಳಂದ ರಸ್ತೆಯ ಹಳ್ಳಿಯದು. ಬೆಳಕು ಹರಿಯುವ ಮೊದಲೇ ಬಾಯಿಗೆ ಬಲೆ ಹೊದಿಸಿ, ಒಳಗೆ ಒಂದು ಕಲ್ಲು ಹಾಕಿದರೆ ಎಲ್ಲವೂ ಒಮ್ಮೆಲೇ ಏಳುತ್ತವೆ. ಮೊದಲ ದಿನ ಹದಿನಾಲ್ಕು ಹಕ್ಕಿ ಸಿಕ್ಕವು. ಬಟ್ಟೆ ಚೀಲಗಳಲ್ಲಿ ಹಾಕಿ, ಬೇವಿನ ಕೊಂಬೆಗೆ ತೂಗುಹಾಕಿ, ಒಂದೊಂದಾಗಿ ರಕ್ತ ತೆಗೆದೆವು. ಕೈ ಇದ್ದದ್ದು ಎರಡು ಜೋಡಿ. ರಿಜಿಸ್ಟರಿನಲ್ಲಿ "ಹಿಡಿದ ವೇಳೆ", "ರಕ್ತ ತೆಗೆದ ವೇಳೆ" ಎಂಬ ಎರಡು ಕಾಲಂಗಳಿವೆ. ಆ ಗಡಿಬಿಡಿಯಲ್ಲಿ ಎರಡನೆಯದನ್ನು ನಾನು ಬರೆಯಲಿಲ್ಲ. ಮರುದಿನ ರಾತ್ರಿ ಮನೆಯಲ್ಲಿ ಕುಳಿತು 6.10, 6.15, 6.20 ಎಂದು ಅಂದಾಜಿನಲ್ಲಿ ತುಂಬಿದೆ. ಹದಿನಾಲ್ಕೂ.

ಈಗ ಎಣಿಕೆ ಮುಗಿದಿದೆ. ಬಾವಿಯ ಹಕ್ಕಿಗಳಲ್ಲಿ ಅನುಪಾತ ಎದ್ದು ಕಾಣುವಷ್ಟು ಹೆಚ್ಚು. ಮೇಡಂ ಸಂತೋಷದಲ್ಲಿದ್ದಾರೆ, ವಿದ್ಯಾರ್ಥಿಗಳ ವಿಚಾರ ಸಂಕಿರಣಕ್ಕೆ ನನ್ನ ಮತ್ತು ಜೊತೆಗಾರನ ಹೆಸರಿನಲ್ಲಿ ಪೋಸ್ಟರ್ ಕಳುಹಿಸಿದ್ದಾರೆ. ಆದರೆ ಚೀಲದಲ್ಲಿ ಕಾದದ್ದರಿಂದಲೇ ಅನುಪಾತ ಏರಿದ್ದರೆ? ನಾವು ಅಳೆದದ್ದು ಬಾವಿಯನ್ನಲ್ಲ, ಚೀಲವನ್ನು ಎಂದಾದರೆ? ಈ ಅನುಮಾನ ನನಗೆ ಬಂದದ್ದು ನಾಲ್ಕು ದಿನದ ಹಿಂದೆ, ಬಸ್ಸಿನಲ್ಲಿ. ಅಂದಿನಿಂದ ಊಟ ಸೇರುತ್ತಿಲ್ಲ. ಜೊತೆಗಾರನಿಗೂ ಹೇಳಿಲ್ಲ. ಏನು ಮಾಡಲಿ?

ರಿಂಗ್‌ರೋಡ್

ಸುಮ್ಮನಿರಿ. ಬಿಎಸ್ಸಿ ಪ್ರಾಜೆಕ್ಟನ್ನು ಯಾರು ಓದುತ್ತಾರೆ? ನಾನು ನನ್ನ ಕಾಲದಲ್ಲಿ ಮಣ್ಣಿನ ತೇವಾಂಶವನ್ನು ಹಾಸ್ಟೆಲಿನಲ್ಲಿ ಕುಳಿತೇ ಅಳೆದಿದ್ದೆ. ಪಾಸಾದೆ, ಬ್ಯಾಂಕಿನಲ್ಲಿದ್ದೇನೆ, ಮಣ್ಣಿಗೆ ಏನೂ ಆಗಿಲ್ಲ.

ನಂದಿನಗರದ ದನದ ಡಾಕ್ಟರು, ಬೀದರ್

ಮೇಲಿನವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ ತಂಗಿ. ಬ್ಯಾಂಕಿನಲ್ಲಿ ಲೆಕ್ಕವನ್ನು ಹಾಸ್ಟೆಲಿನಲ್ಲಿ ಕುಳಿತು ತುಂಬಿದರೆ ಏನಾಗುತ್ತದೆ ಎಂದು ಅವರನ್ನೇ ಕೇಳು.

ನಾನು ಬೀದರಿನ ಪಶುವೈದ್ಯಕೀಯದಲ್ಲಿ ಓದಿದವನು, ಸ್ನಾತಕೋತ್ತರದಲ್ಲಿ ಕೋಳಿಗಳ ರಕ್ತವನ್ನೇ ಎರಡು ವರ್ಷ ನೋಡಿದವನು. ಮೊದಲು ನಿನ್ನ ಅನುಮಾನದ ವಿಷಯ. ಅದು ಸರಿಯಾದ ಅನುಮಾನ. ಹೆಟೆರೋಫಿಲ್-ಲಿಂಫೋಸೈಟ್ ಅನುಪಾತವನ್ನು ಒತ್ತಡದ ಅಳತೆಗೋಲೆಂದು ಗ್ರಾಸ್ ಮತ್ತು ಸೀಗಲ್ ಎಂಬಿಬ್ಬರು 1983ರಲ್ಲಿ ಕೋಳಿಗಳಲ್ಲಿ ತೋರಿಸಿದರು. ಅಲ್ಲಿಂದ ಅದು ಕಾಡುಹಕ್ಕಿ ನೋಡುವವರ ಕೈಗೂ ಬಂತು, ಏಕೆಂದರೆ ಒಂದು ಹನಿ ರಕ್ತ, ಒಂದು ಗಾಜು ಸಾಕು. ಹಕ್ಕಿಯನ್ನು ಹಿಡಿದ ಸುಮಾರು ಮೂರು ನಿಮಿಷದಲ್ಲೇ ಅದರ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನು ಏರತೊಡಗುತ್ತದೆ. ಅದಕ್ಕೇ ಆ ಹಾರ್ಮೋನು ಅಳೆಯುವವರು ಕೈಯಲ್ಲಿ ಗಡಿಯಾರ ಹಿಡಿದೇ ಸೂಜಿ ಹಾಕುತ್ತಾರೆ. ಬಿಳಿ ಕಣಗಳು ಅಷ್ಟು ಅವಸರ ಮಾಡುವುದಿಲ್ಲ. ಆದರೆ ಅರ್ಧ ಗಂಟೆ, ಒಂದು ಗಂಟೆ ದಾಟಿತೆಂದರೆ ಹೆಟೆರೋಫಿಲ್‌ಗಳು ರಕ್ತಕ್ಕೆ ಇಳಿಯುತ್ತವೆ, ಲಿಂಫೋಸೈಟ್‌ಗಳು ರಕ್ತ ಬಿಟ್ಟು ಅಂಗಾಂಶಗಳ ಕಡೆ ಸರಿಯುತ್ತವೆ. ಅನುಪಾತ ಎರಡೂ ಕಡೆಯಿಂದ ಏರುತ್ತದೆ. ಇದರ ಮೇಲೆ ನಮ್ಮ ಕಡೆಯ ಬಿಸಿಲು. ಬೆಳಗ್ಗೆ ಏಳೂವರೆಗೇ ಬೇವಿನ ನೆರಳೂ ಸುಡುತ್ತದೆ, ಚೀಲದೊಳಗಿನ ಹಕ್ಕಿಗೆ ಕೇಳುವುದೇ ಬೇಡ. ಸೆಕೆಯೂ ಅನುಪಾತ ಏರಿಸುತ್ತದೆ.

ಮಿಲ್ಲಿನಲ್ಲಿ ಕಾಯಿಸಲಿಲ್ಲ, ಬಾವಿಯಲ್ಲಿ ಕಾಯಿಸಿದಿರಿ. ಹಾಗಾದ ಮೇಲೆ "ಬಾವಿ" ಎಂಬ ಮಾತಿನೊಳಗೆ "ಕಾಯುವಿಕೆ" ಎಂಬುದೂ ಸೇರಿಕೊಂಡಿದೆ. ವೇಳೆ ಬರೆದಿದ್ದರೆ ಎರಡನ್ನೂ ಬಿಡಿಸಬಹುದಿತ್ತು.

ಇನ್ನು ಆ ಅಂದಾಜಿನ ಕಾಲಂ. 6.10, 6.15, 6.20. ಹದಿನಾಲ್ಕು ಪಾರಿವಾಳಗಳು ಐದೈದು ನಿಮಿಷಕ್ಕೊಂದರಂತೆ ಬಂದವೇ? ನಮ್ಮ ಬಸ್ಸುಗಳೂ ಹಾಗೆ ಬರುವುದಿಲ್ಲ. ರಿಜಿಸ್ಟರನ್ನು ತಾಳ್ಮೆಯಿಂದ ನೋಡಿದ ಯಾರಿಗಾದರೂ ಇದು ಗೊತ್ತಾಗುತ್ತದೆ. ನಿನ್ನ ಮೇಡಂ ಇನ್ನೂ ನೋಡಿಲ್ಲ, ಅಷ್ಟೇ.

ಈಗ ಒಂದು ಪ್ರಶ್ನೆ. ಹಕ್ಕಿಗಳ ಫೋಟೊ ತೆಗೆದಿದ್ದೀರಾ? ಸಾಮಾನ್ಯವಾಗಿ ಗರಿ ಉದುರುವಿಕೆ, ಕಣ್ಣಿನ ಬಣ್ಣ ನೋಡಲು ಒಂದೊಂದು ಹಕ್ಕಿಯನ್ನೂ ನಂಬರ್ ಚೀಟಿಯ ಜೊತೆ ಮೊಬೈಲಿನಲ್ಲಿ ಹಿಡಿದಿರುತ್ತಾರೆ. ತೆಗೆದಿದ್ದರೆ ಯಾರ ಮೊಬೈಲಿನಲ್ಲಿ ತೆಗೆದದ್ದೋ ಅದರಲ್ಲೇ ಮೂಲ ಫೋಟೊ ಹುಡುಕು. ಅದರ ವಿವರದಲ್ಲಿ ಗಂಟೆ, ನಿಮಿಷ, ಸೆಕೆಂಡು ಇರುತ್ತದೆ. ವಾಟ್ಸಾಪಿನಲ್ಲಿ ಕಳುಹಿಸಿದ ಪ್ರತಿಯನ್ನು ನೋಡಬೇಡ, ಅಲ್ಲಿ ಆ ವಿವರ ಉಳಿದಿರುವುದಿಲ್ಲ.

ಸಿಕ್ಕರೂ ಸಿಗದಿದ್ದರೂ ಮೇಡಂಗೆ ಹೇಳಲೇಬೇಕು. ಫೋಟೊ ಸಿಕ್ಕ ಮೇಲೆ ಹೋಗು ಎನ್ನುವುದು ನಿನ್ನ ಧೈರ್ಯಕ್ಕಾಗಿ ಮಾತ್ರ. ರಿಜಿಸ್ಟರಿಗೆ ವೈಟ್ನರ್ ಹಚ್ಚಬೇಡ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಅಂದಾಜಿನಿಂದ ತುಂಬಿದ್ದು" ಎಂದು ಬರೆದು, ಇಂದಿನ ತಾರೀಖು ಹಾಕಿ ಸಹಿ ಮಾಡು.

ಇನ್ನೊಂದು ಮಾತು. ಎಣಿಸುವಾಗ ಯಾವ ಸ್ಲೈಡು ಮಿಲ್ಲಿನದು, ಯಾವುದು ಬಾವಿಯದು ಎಂದು ನಿನಗೆ ಗೊತ್ತಿತ್ತೇ? ಗೊತ್ತಿದ್ದರೆ ಅದೂ ತೊಂದರೆಯೇ. ಲೇಬಲ್ ಮೇಲೆ ಕಾಗದ ಅಂಟಿಸಿ, ಬೇರೆಯವರ ಕೈಯಲ್ಲಿ ಕಲೆಸಿಸಿ, ಮತ್ತೆ ಎಣಿಸು.

ಗಂಜಿನ ಪಾರಿವಾಳ

ಡಾಕ್ಟರಣ್ಣ, ಸ್ಲೈಡುಗಳ ಮೇಲೆ ಮಿ 1, ಮಿ 2, ಬಾ 1, ಬಾ 2 ಎಂದೇ ಬರೆದಿದ್ದೆವು. ಬಾ ಕಂಡ ಕೂಡಲೇ ನಾನು ಹೆಟೆರೋಫಿಲ್ ಹುಡುಕುತ್ತಿದ್ದೆನೋ ಏನೋ, ಈಗ ನೆನೆದರೆ ಭಯವಾಗುತ್ತದೆ. ಫೋಟೊ ತೆಗೆದದ್ದು ಜೊತೆಗಾರ, ಅವನ ಮೊಬೈಲಿನಲ್ಲಿ. ಅವನನ್ನು ಕೇಳಬೇಕೆಂದರೆ ವಿಷಯ ಹೇಳಬೇಕು.

ಬೋನಾಳದ ದಂಡೆ, ಯಾದಗಿರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ವಿಜ್ಞಾನ ಓದಿದವನಲ್ಲ. ಸುರಪುರ ತಾಲೂಕಿನ ಬೋನಾಳ ಕೆರೆಯ ಹತ್ತಿರದವನು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿದವೆಂದರೆ ಕ್ಯಾಮೆರಾ ಹಿಡಿದು ಕೂರುವವನು. ಹಿಮಾಲಯ ದಾಟಿ ಬಂದ ಹಕ್ಕಿಯನ್ನು ನೋಡಿ ಕೈ ಮುಗಿಯಬೇಕೆನ್ನಿಸುತ್ತದೆ, ಸೂಜಿ ಚುಚ್ಚಬೇಕೆಂದು ಅನ್ನಿಸುವುದಿಲ್ಲ. ಅದು ಹೋಗಲಿ. ಮುನ್ನೂರು ಗ್ರಾಂ ಹಕ್ಕಿಯಿಂದ ರಕ್ತ ತೆಗೆದರೆ ಅದು ಬದುಕುತ್ತದೆಯೇ? ಯಾರು ಬೇಕಾದರೂ ಹೀಗೆ ಬಲೆ ಹಾಕಬಹುದೇ? ಹಕ್ಕಿಜ್ವರದ ಗತಿ ಏನು?

ಗಂಜಿನ ಪಾರಿವಾಳ

ಅಣ್ಣ, ಮೊದಲ ದಿನ ನಾನೂ ಇದನ್ನೇ ಕೇಳಿದ್ದೆ. ತೂಕದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ರಕ್ತ ತೆಗೆಯಬಾರದು ಎಂಬುದು ನಿಯಮ. ಮುನ್ನೂರು ಗ್ರಾಂ ಪಾರಿವಾಳಕ್ಕೆ ಅದು ಮೂರು ಮಿಲಿಲೀಟರ್ ಆಗುತ್ತದೆ. ನಾವು ತೆಗೆಯುವುದು ಅದರ ಹತ್ತನೇ ಒಂದಕ್ಕಿಂತಲೂ ಕಡಿಮೆ. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದು, ರಕ್ತ ನಿಂತದ್ದನ್ನು ನೋಡಿಯೇ ಬಿಡುತ್ತೇವೆ. ಒಂದು ಹಕ್ಕಿ ಬಿಟ್ಟ ಕೂಡಲೇ ಹೋಗಿ ಮತ್ತೆ ಅದೇ ಬುಟ್ಟಿಯ ಕೆಳಗೆ ನುಚ್ಚು ತಿನ್ನುತ್ತಿತ್ತು. ಅದಕ್ಕೆ ನಾಚಿಕೆ ಎಂಬುದೇ ಇರಲಿಲ್ಲ.

ಅನುಮತಿಯ ವಿಷಯ ಮೇಡಂ ನೋಡಿಕೊಂಡಿದ್ದಾರೆ, ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಇದೆ. ನಿಮ್ಮ ಹೆಬ್ಬಾತಿನಂಥ ಹಕ್ಕಿಗಳನ್ನು ಮುಟ್ಟಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪತ್ರ ಬೇಕೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಕೈಗವಸು, ಮಾಸ್ಕ್ ಇಲ್ಲದೆ ಮೇಡಂ ಚೀಲ ಬಿಚ್ಚಲು ಬಿಡುವುದಿಲ್ಲ. ಹಕ್ಕಿಜ್ವರಕ್ಕಿಂತ ಒಣಗಿದ ಹಿಕ್ಕೆಯ ದೂಳಿಗೇ ಅವರು ಹೆಚ್ಚು ಹೆದರುತ್ತಾರೆ, ಪಾರಿವಾಳದಿಂದ ಮನುಷ್ಯರಿಗೆ ಬರುವ ಸಿಟಕೋಸಿಸ್ ಉಸಿರಿನಲ್ಲೇ ಬರುತ್ತದಂತೆ. ಮನೆಯಲ್ಲಿ ಅಮ್ಮನ ಕಾಯ್ದೆ ಇನ್ನೂ ಬಿಗಿ. ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ.

ಫರ್ಸಿ ಮಾಸ್ತರು, ಶಹಾಬಾದ್

ನಾನು ನಿವೃತ್ತ ಮಾಸ್ತರು. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ, ಅದರಲ್ಲಿ ಇಪ್ಪತ್ತೈದು ವರ್ಷ ಮೈಕ್ರೋಸ್ಕೋಪಿನ ಚಿತ್ರವನ್ನು ಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. ಹಾಗಾಗಿ ಈ ಮಗಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಮಗಳೇ, ನಿನಗೆ ಒಂದು ಕಥೆ ಹೇಳಬೇಕು. ಕೋಳಿಯ ಮಲದ್ವಾರದ ಒಳಭಾಗದಲ್ಲಿ, ಬೆನ್ನಿನ ಕಡೆಗೆ, ಒಂದು ಸಣ್ಣ ಚೀಲವಿದೆ. ಎಳೆಯ ಕೋಳಿಯಲ್ಲಿ ಬೋರೆಹಣ್ಣಿನಷ್ಟಿರುತ್ತದೆ, ಹಕ್ಕಿ ಪ್ರಾಯಕ್ಕೆ ಬಂದಂತೆ ಕುಗ್ಗುತ್ತದೆ. ಇಟಲಿಯ ಪಾದುವಾದಲ್ಲಿ ಅಂಗರಚನೆ ಕಲಿಸುತ್ತಿದ್ದ ಫ್ಯಾಬ್ರಿಷಿಯಸ್ ಎಂಬುವನು ಅದನ್ನು ವರ್ಣಿಸಿದ, ಆ ಬರಹ ಅಚ್ಚಾದದ್ದು ಅವನು ಸತ್ತ ಮೇಲೆ, 1621ರಲ್ಲಿ. ಅಲ್ಲಿಂದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಯಾತಕ್ಕಿದೆ ಎಂದು ಯಾರಿಗೂ ತಿಳಿಯಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಾಯೊದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳಿಂದ ಅದನ್ನು ಕತ್ತರಿಸಿ ತೆಗೆದು ನೋಡಿದ. ಏನೂ ಆಗಲಿಲ್ಲ. ಕೋಳಿಗಳು ಬೆಳೆದವು, ತಿಂದವು, ಕೂಗಿದವು. ಅವನ ಗೆಳೆಯ ತಿಮೋತಿ ಚಾಂಗ್ ತರಗತಿಗೆ ಪಾಠ ಮಾಡಬೇಕಿತ್ತು, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚುಚ್ಚಿದರೆ ಹಕ್ಕಿಯಲ್ಲಿ ಅದರ ವಿರುದ್ಧ ಹೋರಾಡುವ ಪ್ರತಿಕಾಯ ಹುಟ್ಟುವುದನ್ನು ತೋರಿಸುವ ಪಾಠ. ಕೋಳಿ ಸಾಲದೆ ಗ್ಲಿಕ್‌ನ ಕೋಳಿಗಳನ್ನೇ ಎರವಲು ತೆಗೆದುಕೊಂಡ. ಪ್ರಾತ್ಯಕ್ಷಿಕೆ ಕೆಟ್ಟಿತು. ಕೆಲವು ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. ಯಾವುವು ಎಂದು ನೋಡಿದರೆ ಚೀಲ ತೆಗೆದವು.

ಇಬ್ಬರೂ ಇನ್ನೊಬ್ಬರ ಜೊತೆ ಸೇರಿ ಬರೆದ ಲೇಖನವನ್ನು ದೊಡ್ಡ ಪತ್ರಿಕೆ ವಾಪಸು ಕಳುಹಿಸಿತು. ಕೊನೆಗೆ 1956ರಲ್ಲಿ ಕೋಳಿ ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದು ಪ್ರತಿಕಾಯ ತಯಾರಿಸುವ ಕಣಗಳನ್ನು ಎಲ್ಲರೂ ಬಿ-ಕೋಶ, ಬಿ-ಕೋಶ ಎನ್ನುತ್ತಾರಲ್ಲ, ಆ "ಬಿ" ಬಂದದ್ದು ಈ ಚೀಲದಿಂದ, ಬರ್ಸಾ ಎಂಬ ಅದರ ಹೆಸರಿನಿಂದ. ಕೋಳಿ ಸಾಕುವವರಿಗೆ ಗಂಬೋರೊ ರೋಗ ಗೊತ್ತಿರುತ್ತದೆ. ಅದು ಹಾಳು ಮಾಡುವುದೂ ಈ ಚೀಲವನ್ನೇ, ಅದಕ್ಕೇ ಆ ರೋಗದಿಂದ ಉಳಿದ ಮರಿಗಳಿಗೆ ಬೇರೆ ಲಸಿಕೆಗಳೂ ಸರಿಯಾಗಿ ಹತ್ತುವುದಿಲ್ಲ.

ನಾನು ಇದನ್ನು ಹೇಳಿದ್ದು ಬೇರೆ ಕಾರಣಕ್ಕೆ. ಚಾಂಗ್‌ನ ಪಾಠ ಕೆಟ್ಟ ದಿನ, ಯಾವ ಕೋಳಿಯ ಚೀಲ ತೆಗೆದದ್ದು ಎಂಬ ಗುರುತನ್ನು ಗ್ಲಿಕ್ ಇಟ್ಟಿರದಿದ್ದರೆ? ಅಥವಾ ಮರುದಿನ ರಾತ್ರಿ ಮನೆಯಲ್ಲಿ ಕುಳಿತು ಅಂದಾಜಿನಲ್ಲಿ ತುಂಬಿದ್ದರೆ? ಕೆಟ್ಟ ಪಾಠ ಕೆಟ್ಟ ಪಾಠವಾಗಿಯೇ ಉಳಿಯುತ್ತಿತ್ತು.

ಬೈಯುತ್ತಿಲ್ಲ. ಬೈಯುವಷ್ಟು ದೂರದವನೂ ಅಲ್ಲ. ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಉತ್ತರ ಮೊದಲು, ಪ್ರಯೋಗ ಆಮೇಲೆ ಎಂದು ನಾವೇ ನಿಮಗೆ ಕಲಿಸಿದ್ದೇವೆ. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 980 ಬರಬೇಕು, ಬಾರದಿದ್ದರೆ ಬರಿಸಬೇಕು. ಕಾಲಂ ಖಾಲಿ ಬಿಟ್ಟರೆ ಅಂಕ ಹೋಗುತ್ತದೆ ಎಂಬ ಭಯ ಹನ್ನೊಂದನೇ ತರಗತಿಯಿಂದ ನಿನ್ನ ಕೈಯಲ್ಲಿದೆ.

ಸ್ಲೈಡುಗಳನ್ನು ಮತ್ತೆ ಎಣಿಸುವಾಗ ಕೆಂಪು ಕಣಗಳ ಒಳಗೂ ನೋಡು. ಪಾರಿವಾಳವಾದ್ದರಿಂದ ಕೋಶಕೇಂದ್ರವನ್ನು ತಬ್ಬಿಕೊಂಡಂತೆ ಬಾಗಿದ, ಕಂದು ಚುಕ್ಕಿಗಳ ಹಿಮೋಪ್ರೋಟಿಯಸ್ ಸಿಗುವ ಸಂಭವ ಇದೆ. ಮಲೇರಿಯಾದ ದಾಯಾದಿ ಅದು, ಪಾರಿವಾಳದ ಗರಿಗಳ ನಡುವೆ ಓಡಾಡುವ ಚಪ್ಪಟೆ ನೊಣ ಹರಡುತ್ತದೆ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಮರುವರ್ಷ ಕಲ್ಕತ್ತೆಯಲ್ಲಿ ಪೂರ್ತಿ ಚಕ್ರವನ್ನು ಬಿಡಿಸಿದ್ದು ಹಕ್ಕಿಗಳ ಮಲೇರಿಯಾದಲ್ಲಿ. ನಿನ್ನ ಬಾವಿಯ ಹಕ್ಕಿಗಳಲ್ಲಿ ಅದು ಹೆಚ್ಚಿದ್ದರೆ ಅನುಪಾತ ಏರಲು ಮೂರನೆಯ ಕಾರಣವೊಂದು ಸಿಕ್ಕಂತೆ. ನೋಡಿ ಬರೆ. ಬರೆಯುವಾಗ ಗಡಿಯಾರ ನೋಡು.

ರಿಂಗ್‌ರೋಡ್

ಮಾಸ್ತರೇ, 980 ಬರಿಸಿದವರಲ್ಲಿ ನಾನೂ ಒಬ್ಬ. ಮೇಲೆ ಬರೆದದ್ದನ್ನು ಅಳಿಸುವುದಿಲ್ಲ, ಒಂದು ಗೆರೆ ಎಳೆದಂತೆ ಎಂದು ತಿಳಿದುಕೊಳ್ಳಿ.

ಗಂಜಿನ ಪಾರಿವಾಳ (ಒಂಬತ್ತು ದಿನಗಳ ಬಳಿಕ)

ಏನಾಯಿತೆಂದು ಹೇಳದೆ ಹೋಗುವುದು ಸರಿಯಲ್ಲ, ಅದಕ್ಕೇ ಬಂದೆ.

ಜೊತೆಗಾರನಿಗೆ ಹೇಳಿದೆ. ಕ್ಯಾಂಟೀನಿನಲ್ಲಿ ಸೂಸಲಾ ತಿನ್ನುತ್ತಿದ್ದವನು ಪ್ಲೇಟು ಸರಿಸಿ ಎದ್ದುಹೋದ. ಸಂಜೆ ಮೊಬೈಲು ತಂದು ಮೇಜಿನ ಮೇಲಿಟ್ಟ, ಮಾತನಾಡಲಿಲ್ಲ. ಹದಿನಾಲ್ಕರಲ್ಲಿ ಹನ್ನೊಂದು ಫೋಟೊ ಸಿಕ್ಕವು. ಉಳಿದ ಮೂರನ್ನು ಅವನ ತಮ್ಮ ಆಟ ಹಾಕಿಕೊಳ್ಳಲು ಜಾಗ ಸಾಲದೆ ಅಳಿಸಿದ್ದಾನೆ. ನಾವು ಫೋಟೊ ತೆಗೆಯುತ್ತಿದ್ದದ್ದು ರಕ್ತ ತೆಗೆದ ಮೇಲೆ, ಹಾರಿಬಿಡುವ ಮುನ್ನ. ಹಾಗಾಗಿ ಒಂದೆರಡು ನಿಮಿಷದ ವ್ಯತ್ಯಾಸ ಬಿಟ್ಟರೆ ವೇಳೆ ಸರಿಯಾಗಿದೆ. ನಾನು 7.15ಕ್ಕೆ ಮುಗಿಯಿತು ಎಂದು ಬರೆದಿದ್ದೆ. ಕೊನೆಯ ಹಕ್ಕಿಯ ಫೋಟೊ 8.41ರದು. ನಡುವೆ ನಾವು ಚಹಾ ಕುಡಿಯಲು ಹೋಗಿದ್ದೆವು. ಅದು ನನಗೆ ಮರೆತೇ ಹೋಗಿತ್ತು.

ಪಿಎಚ್‌ಡಿ ಅಣ್ಣ ಎಲ್ಲ ಸ್ಲೈಡುಗಳ ಲೇಬಲ್ ಮುಚ್ಚಿ ಕಲೆಸಿ ಕೊಟ್ಟರು, ನಾಲ್ಕು ದಿನ ಕುಳಿತು ಮತ್ತೆ ಎಣಿಸಿದೆ. ಆಮೇಲೆ ಫೋಟೊ ಸಿಕ್ಕ ಹನ್ನೊಂದು ಹಕ್ಕಿಗಳನ್ನು ಕಾದ ಹೊತ್ತಿನ ಪ್ರಕಾರ ಸಾಲಾಗಿ ಇಟ್ಟೆವು. ಮೊದಲು ರಕ್ತ ಕೊಟ್ಟ ಮೂರ್ನಾಲ್ಕು ಹಕ್ಕಿಗಳು ಮಿಲ್ಲಿನವುಗಳ ಹಾಗೆಯೇ ಇವೆ. ಚಹಾ ಮುಗಿಸಿ ಬಂದ ಮೇಲೆ ಮಾಡಿದವುಗಳಲ್ಲಿ ಅನುಪಾತ ಏರಿದೆ. ಹನ್ನೊಂದು ಹಕ್ಕಿಯಿಂದ ಏನನ್ನೂ ಹೇಳಲಾಗದು ಎಂದು ಅಣ್ಣ ಹತ್ತು ಸಲ ಹೇಳಿದರು. ಆದರೂ ಆ ಗ್ರಾಫನ್ನು ನೋಡಿ ಅವರೂ ಸ್ವಲ್ಪ ಹೊತ್ತು ಸುಮ್ಮನಾದರು. ಮಾಸ್ತರು ಹೇಳಿದ ಹಿಮೋಪ್ರೋಟಿಯಸ್ ಐದು ಸ್ಲೈಡುಗಳಲ್ಲಿ ಸಿಕ್ಕಿತು, ಮೂರು ಮಿಲ್ಲಿನವು, ಎರಡು ಬಾವಿಯವು. ತಬ್ಬಿಕೊಂಡಂತೆಯೇ ಇತ್ತು ಸರ್.

ಮೇಡಂಗೆ ಹೇಳಿದ್ದು ಸೋಮವಾರ. ಅವರು ಬೈದರು. ಕಾಲಂ ಖಾಲಿ ಬಿಟ್ಟಿದ್ದರೆ ಒಂದು ಮಾತೂ ಆಡುತ್ತಿರಲಿಲ್ಲ ಎಂದರು. ಡಾಕ್ಟರಣ್ಣ ಹೇಳಿದಂತೆ ಗೆರೆ ಎಳೆದು ಸಹಿ ಮಾಡಿದೆ, ಅವರೂ ಪಕ್ಕದಲ್ಲಿ ಸಹಿ ಮಾಡಿದರು. ಪೋಸ್ಟರನ್ನು ಅಂದೇ ವಾಪಸು ತೆಗೆದುಕೊಂಡರು. ಜೊತೆಗಾರನಿಗೆ ಇದ್ದ ಕೋಪವೂ ಅದೇ, ಅವನು ಮೊದಲ ಬಾರಿ ಕಲಬುರಗಿ ಬಿಟ್ಟು ಹೊರಗೆ ಹೋಗುವವನಿದ್ದ. ಈಗಲೂ ನನ್ನೊಡನೆ ಕೆಲಸದ ಮಾತು ಮಾತ್ರ ಆಡುತ್ತಾನೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಎರಡು ದಿನ ಬಿಟ್ಟು ಮೇಡಂ ಕರೆದು, ಕಾಯುವ ಹೊತ್ತನ್ನೇ ಸರಿಯಾಗಿ ನೋಡೋಣ ಎಂದರು. ಮಿಲ್ಲಿನಲ್ಲೇ, ಒಂದೇ ಜಾಗದ ಹಕ್ಕಿಗಳು, ಕೆಲವಕ್ಕೆ ಕೂಡಲೇ, ಕೆಲವಕ್ಕೆ ಒಂದು ಗಂಟೆ ಬಿಟ್ಟು. ಬೇಕೆಂದೇ ಕಾಯಿಸುವುದರಿಂದ ನೈತಿಕ ಸಮಿತಿಯ ಒಪ್ಪಿಗೆ ಹೊಸದಾಗಿ ಬೇಕು, ಅರ್ಜಿಯ ಮೊದಲ ಕರಡು ನಾನೇ ಬರೆಯಬೇಕು. ಮಿರಗದ ಮಳೆ ಬೀಳುವವರೆಗೆ ಹಕ್ಕಿ ಹಿಡಿಯುವುದಿಲ್ಲ, ಈ ಬಿಸಿಲಿನಲ್ಲಿ ಚೀಲಕ್ಕೆ ಹಾಕುವುದು ಪಾಪ ಎಂದೂ ಹೇಳಿದರು.

ಅಲ್ಲಿಯವರೆಗೆ ಫ್ರೀಜರಿನಲ್ಲಿರುವ ಪ್ಲಾಸ್ಮಾದ (ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವ) ಮೇಲೆ ಮೊಲದ ಕೆಂಪು ಕಣಗಳ ಪರೀಕ್ಷೆ. 96 ಗುಳಿಗಳ ತಟ್ಟೆಯಲ್ಲಿ ಪ್ಲಾಸ್ಮಾವನ್ನು ಅರ್ಧ, ಅರ್ಧದ ಅರ್ಧ ಎಂದು ತೆಳ್ಳಗೆ ಮಾಡುತ್ತ ಹೋಗಿ, ಮೊಲದ ಕಣಗಳನ್ನು ಅದು ಎಲ್ಲಿಯವರೆಗೆ ಗಂಟು ಕಟ್ಟುತ್ತದೆ, ಎಲ್ಲಿಯವರೆಗೆ ಒಡೆಯುತ್ತದೆ ಎಂದು ನೋಡುವುದು. ರೋಗ ತಗಲುವ ಮೊದಲೇ ಹಕ್ಕಿಯಲ್ಲಿ ಇರುವ ಪ್ರತಿಕಾಯ ಎಷ್ಟು ಎಂಬುದು ಇದರಿಂದ ತಿಳಿಯುತ್ತದೆ. 37 ಡಿಗ್ರಿಯಲ್ಲಿ ತೊಂಬತ್ತು ನಿಮಿಷ ಇಡಿ, ಆಮೇಲೆ ತಟ್ಟೆಯನ್ನು ಓರೆ ಮಾಡಿ "ಕೋಣೆಯ ಉಷ್ಣತೆಯಲ್ಲಿ" ಇಪ್ಪತ್ತು ನಿಮಿಷ ಇಡಿ ಎಂದು ವಿಧಾನದಲ್ಲಿ ಬರೆದಿದೆ. ಬರೆದವರು ಮೇ ತಿಂಗಳಲ್ಲಿ ನಮ್ಮ ಕೋಣೆಗೆ ಬಂದಿಲ್ಲ. ಇಲ್ಲಿ ಕೋಣೆಯೇ 38.

ನಂದಿನಗರದ ದನದ ಡಾಕ್ಟರು, ಬೀದರ್

ಕೋಣೆ 38 ಎಂದಿದ್ದರೆ ರಿಜಿಸ್ಟರಿನಲ್ಲಿ 38 ಎಂದೇ ಬರೆ. ಸಾಧ್ಯವಾದರೆ ಬೆಳಗಿನ ಜಾವ ಮಾಡು. ಕರೆಂಟು ಹೋದ ವೇಳೆಯನ್ನೂ ಬರೆ.

ಜೊತೆಗಾರನ ವಿಷಯ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ, ಎರಡು ತಿಂಗಳದ್ದು, ಬಿಎಸ್ಸಿಯವರೂ ಹಾಕಬಹುದು. ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗಾಗಿ ಇರುವ ಹೈದರಾಬಾದಿನ ಲ್ಯಾಕೋನ್ಸ್ ಪ್ರಯೋಗಾಲಯ, ಕೊಯಮತ್ತೂರಿನ ಸಲೀಂ ಅಲಿ ಪಕ್ಷಿ ಅಧ್ಯಯನ ಕೇಂದ್ರ, ಎರಡರ ಕೆಲಸವನ್ನೂ ಓದಿ ನೋಡಲಿ. ಮುಂದಿನ ಸಲ ಅರ್ಜಿ ಕರೆದಾಗ ಅವನ ಅರ್ಜಿಯ ಪಕ್ಕದಲ್ಲಿ ನೀನು ಕುಳಿತು ಸಹಾಯ ಮಾಡು. ಊರು ಬಿಟ್ಟು ಹೋಗುವ ಆಸೆಯಾದರೂ ತೀರಲಿ.

ಬೋನಾಳದ ದಂಡೆ, ಯಾದಗಿರಿ

ಬಟ್ಟೆ ಚೀಲ ಯಾವ ಬಟ್ಟೆಯದು? ನಮ್ಮ ಊರಿನಲ್ಲಿ ಹಳೆಯ ಧೋತರದಿಂದ ತೆಳುವಾದ ಚೀಲ ಹೊಲಿಯುವವರಿದ್ದಾರೆ, ಗಾಳಿ ಚೆನ್ನಾಗಿ ಆಡುತ್ತದೆ. ಬೇಕಿದ್ದರೆ ಇಪ್ಪತ್ತು ಹೊಲಿಸಿ ಶಹಾಪುರದ ಬಸ್ಸಿಗೆ ಹಾಕುತ್ತೇನೆ.

ಗಂಜಿನ ಪಾರಿವಾಳ

ಈಗಿರುವುದು ದಪ್ಪ ಮಂಜರಪಾಟು ಅಣ್ಣ. ಹದಿನೈದು ಸಾಕು, ಬಾಯಿಗೆ ಲಾಡಿ ಇರಲಿ. ಹೊಲಿಗೆಯ ದುಡ್ಡು ಮೇಡಂ ಕೊಡುತ್ತಾರಂತೆ, ರಸೀದಿ ಬೇಕಂತೆ. ತಾರೀಖಿನ ಜೊತೆ.